ಏಳನೇ ಮೈಲಿಗಲ್ಲಿನ ಸೀಲು

1957 ಎಂದು ಬರೆದು, ಅದರ ಮುಂದೊಂದು ಅಡ್ಡಗೆರೆ ಎಳೆದು, ಅಭಯಚಂದ್ರ ಪೆನ್ನಿಗೆ ಮುಚ್ಚಳ ಹಾಕಿ ಹನ್ನೊಂದು ದಿನವಾಗಿತ್ತು. ಅದರ ಹಿಂದಿನ ಮೂರು ವರ್ಷಗಳ ಓಟದ ಚರಿತ್ರೆ ನೀರು ಕುಡಿದಷ್ಟು ಸಲೀಸಾಗಿ ಬರೆದು ಮುಗಿದಿತ್ತು. ಮುಂದಿನದ್ದೂ ಅಷ್ಟೆ. ಐವತ್ತೆಂಟರಿಂದ ಕಳೆದ ವರ್ಷದವರೆಗೆ ಗೆದ್ದವರು ಯಾರು, ಸೋತವರು ಯಾರು, ಯಾವ ವರ್ಷ ಕಪ್ಪಿನ ಹಿಡಿ ಮುರಿಯಿತು, ಯಾವ ವರ್ಷ ಸೀಟಿ ಕಳೆದುಹೋಗಿ ಬಸ್ಸಿನ ಹಾರನ್ನು ಒತ್ತಿ ಓಟ ಬಿಟ್ಟರು ಎಲ್ಲವೂ ಅವನ ಬಾಯಲ್ಲೇ ಇತ್ತು. ನಡುವಿನ ಈ ಒಂದು ವರ್ಷ ಮಾತ್ರ ಹಲ್ಲು ಬಿದ್ದ ಜಾಗದ ಹಾಗೆ. ಖಾಲಿ ಎಂದು ಗೊತ್ತಿದ್ದೂ ನಾಲಗೆ ಅಲ್ಲಿಗೇ ಹೋಗುತ್ತದೆ. ಅವನು ಎದ್ದು ಚಾವಡಿಯ ಬಾಗಿಲಿಗೆ ಬಂದು ನಿಂತ. ಎದುರಿಗೆ ರಸ್ತೆ, ರಸ್ತೆಯ ಆಚೆ ಬದಿಯಲ್ಲಿ ಆ ಕಲ್ಲು. ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯ ಏಳನೇ ಮೈಲಿಗಲ್ಲು. ಮೈಲಿ ಹೋಗಿ ಕಿಲೋಮೀಟರು ಬಂದು, ಹೊಸ ಕಲ್ಲುಗಳನ್ನು ನೆಟ್ಟು ಹೋದ ಮೇಲೂ ಇದನ್ನು ಯಾರೂ ಕಿತ್ತಿರಲಿಲ್ಲ. ಏಳು ಎಂಬ ಅಂಕೆ ಮಾಸಿ ಹೋಗಿತ್ತು. ಆಡುಗಳು ಬಂದು ಅದಕ್ಕೆ ಮೈ ಉಜ್ಜುತ್ತಿದ್ದವು. ಒಂಬತ್ತು ವರ್ಷಗಳಿಂದ ಬೆಳಗಾದರೆ ಈ ಕಲ್ಲು, ಸಂಜೆಯಾದರೆ ಈ ಕಲ್ಲು. ಬೇರೆ ಊರಿನ ಶಾಲೆಗೆ ವರ್ಗ ಮಾಡಿಸಿಕೊಳ್ಳಬಹುದಿತ್ತು. ಮಾಡಿಸಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದವರಿಗೆ ಹಿರಿಯರ ಮನೆ, ಬಸದಿಗೆ ಹತ್ತಿರ ಎಂದೆಲ್ಲ ಹೇಳುತ್ತಿದ್ದ. ನಿಜ ಸಂಗತಿಯೆಂದರೆ ಆ ಕಲ್ಲನ್ನು ಬಿಟ್ಟುಹೋಗಲು ಅವನಿಗೆ ಹೆದರಿಕೆ. ಅಪ್ಪ ಇಟ್ಟ ಹೆಸರು ಅಭಯಚಂದ್ರ. ಅಭಯ ಹೆಸರಿನಲ್ಲಿ ಮಾತ್ರ ಉಳಿದಿತ್ತು.

ಬರೆದದ್ದನ್ನು ಮತ್ತೊಮ್ಮೆ ಓದಿದ. ಚೆನ್ನಾಗಿಯೇ ಇತ್ತು, ಯಾಕೆ ಸುಳ್ಳು ಹೇಳಬೇಕು. ಐವತ್ಮೂರರಲ್ಲಿ ಮೂಡುಬಿದಿರೆಯ ಒಂದು ಹೋಟೆಲಿನಲ್ಲಿ ಬಂಟ್ವಾಳದವನೊಬ್ಬನಿಗೂ ಬೆಳ್ತಂಗಡಿಯವನೊಬ್ಬನಿಗೂ ಚಾ ಕುಡಿಯುತ್ತಾ ಮಾತಿಗೆ ಮಾತು ಬೆಳೆದು, ವೇಣೂರಿಗೆ ಹೋಗುವ ಸರ್ವಿಸ್ ಬಸ್ಸಿಗಿಂತ ಮನುಷ್ಯನೇ ಬೇಗ ಎಂದು ಒಬ್ಬ, ಆಗಲಿ ಓಡಿ ತೋರಿಸು ಎಂದು ಇನ್ನೊಬ್ಬ. ಕೊನೆಗೆ ಇಬ್ಬರೂ ಪಂಚೆ ಎತ್ತಿ ಕಟ್ಟಿ ಬಸ್ಸಿನ ಹಿಂದೆ ಓಡಿದ್ದರು. ಬಸ್ಸು ಕೈ ತೋರಿಸಿದವರಿಗೆಲ್ಲ ನಿಂತು, ಕೋಳಿ ಹತ್ತಿಸಿ, ಮಾವನ ಮನೆಗೆ ಹೊರಟವರ ಹಲಸಿನಹಣ್ಣು ಹತ್ತಿಸಿ, ಏಳನೇ ಮೈಲಿಯಲ್ಲಿ ಉಸಿರು ಬಿಟ್ಟು ಕೆಟ್ಟು ನಿಂತಾಗ ಇಬ್ಬರೂ ಅದನ್ನು ದಾಟಿ ಈ ಕಲ್ಲಿನ ಮೇಲೆ ಕೂತು ನಗುತ್ತಿದ್ದರಂತೆ. ಬಸ್ಸಿನ ಯಜಮಾನನಿಗೆ ಅವಮಾನವಾಯಿತೋ ಖುಷಿಯಾಯಿತೋ, ಒಂದು ಬೆಳ್ಳಿ ಕಪ್ಪು ಮಾಡಿಸಿ ಕೊಟ್ಟ. ಮರುವರ್ಷದಿಂದ ಪ್ರತಿ ಡಿಸೆಂಬರಿನಲ್ಲಿ ಓಟ: ಮೂಡುಬಿದಿರೆಯಿಂದ ಹೊರಟು, ಈ ಕಲ್ಲನ್ನು ಸುತ್ತಿ, ಮತ್ತೆ ಮೂಡುಬಿದಿರೆಗೆ. ಎರಡು ವರ್ಷದೊಳಗೆ ಮೂರು ಊರಿನಲ್ಲೂ ಒಂದೊಂದು ಕ್ಲಬ್ಬು ಹುಟ್ಟಿತು. ಬಂಟ್ವಾಳದ ಹೊಳೆಬದಿ ಸಂಘದವರು ನರಿಕೊಂಬಿನ ಮರಳಿನಲ್ಲಿ ಕಾಲು ಹೂತು ಹೂತು ಓಡಿ ಅಭ್ಯಾಸ ಮಾಡುತ್ತಿದ್ದರು. ಬೆಳ್ತಂಗಡಿಯ ಗಡಾಯಿಕಲ್ಲು ಯುವಕ ಮಂಡಲದವರಿಗೆ ಅಭ್ಯಾಸವೇ ಬೇಕಿರಲಿಲ್ಲ, ಅವರ ಊರಿನಲ್ಲಿ ಮನೆಯಿಂದ ಅಂಗಡಿಗೆ ಹೋಗುವುದೂ ಏರುದಾರಿಯೇ. ಮೂಡುಬಿದಿರೆಯ ಪೇಟೆ ಸಂಘದವರು ಬೆಳಗಿನ ಜಾವ ಬಸದಿ ಬೀದಿಗೆ ಮೂರು ಸುತ್ತು ಹಾಕಿ ಹೋಟೆಲಿನಲ್ಲಿ ಬನ್ಸು ತಿಂದು ಸೋಲುತ್ತಿದ್ದರು. ಇದನ್ನೆಲ್ಲ ಬರೆಯುವಾಗ ಅಭಯಚಂದ್ರನಿಗೆ ನಗು ಬಂದಿತ್ತು. ಕೆಳಗೆ ಇನ್ನೊಂದು ವಾಕ್ಯವಿತ್ತು: ಓಟಗಾರನು ಕಲ್ಲನ್ನು ಸುತ್ತಿದ್ದಕ್ಕೆ ಗುರುತಾಗಿ ಅವನ ಎಡಗೈಯ ಮೇಲೆ ನೇರಳೆ ಶಾಯಿಯ ಸೀಲನ್ನು ಒತ್ತುವ ಪದ್ಧತಿಯು ಮೊದಲ ವರ್ಷದಿಂದಲೂ ನಡೆದು ಬಂದಿದೆ. ಒತ್ತುವವನು ಯಾರೆಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಮೂರು ಊರಿನಲ್ಲೂ ಅಭಯಚಂದ್ರನನ್ನು ಕರೆಯುವುದೇ ಸೀಲು ಮಾಸ್ಟ್ರು ಎಂದು.

ಬೆಳಗಿನ ಬಸ್ಸಿಗೆ ಅಬ್ದುಲ್ ಸಮದ್ ಬಂದಿಳಿದರು. ಬಂಟ್ವಾಳ ಪೇಟೆಯಲ್ಲಿ ಬಟ್ಟೆ ಅಂಗಡಿ, ಮೂರೂ ಕ್ಲಬ್ಬುಗಳ ಒಕ್ಕೂಟಕ್ಕೆ ಮೊದಲ ದಿನದಿಂದಲೂ ಅವರೇ ಕಾರ್ಯದರ್ಶಿ. ಓಟಕ್ಕೆ ಹನ್ನೆರಡು ವರ್ಷ ತುಂಬಿತೆಂದು ಸ್ಮರಣ ಸಂಚಿಕೆ ತರುವ ಯೋಚನೆಯೂ ಅವರದೇ. ಭಾನುವಾರ, ಶಾಲೆ ಇರಲಿಲ್ಲ. ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ. ಅಭಯಚಂದ್ರನ ಹೆಂಡತಿ ರಾಜಮತಿ ಕೊಟ್ಟ ಬೆಲ್ಲದ ನೀರು ಕುಡಿದು, ಸಮದ್ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ನಾಳೆ ಪ್ರೆಸ್ಸಿಗೆ ಕೊಡ್ಬೇಕು ಮಾಸ್ಟ್ರೇ. ಅವ ದಿನಾ ಕೇಳ್ತಾನೆ. ಎಷ್ಟಾಯ್ತು?"

"ಆಯ್ತು ಸಾಹೇಬ್ರೇ. ಒಂದು ವರ್ಷದ್ದು ಬಾಕಿ ಉಂಟು."

"ಯಾವುದು?"

ಅಭಯಚಂದ್ರ ಕಾಗದ ತೋರಿಸಿದ. ಸಮದ್ ಅದನ್ನು ದೂರ ಹಿಡಿದು ನೋಡಿದರು.

"ಐವತ್ತೇಳರದ್ದಾ? ಇದರಲ್ಲಿ ಎಂತ ಕಷ್ಟ ಮಾರಾಯ್ರೆ. ಮೊದಲನೆಯವ ಕುಶಾಲಪ್ಪ, ಬಂಟ್ವಾಳ. ಒಬ್ಬ ಅರ್ಧ ದಾರಿಯಿಂದ ತಿರುಗಿದ್ದಕ್ಕೆ ಅವನನ್ನು ಹೊರಗಿಟ್ಟದ್ದು. ಎರಡು ಗೆರೆ ಸಾಕು. ಹೆಸರು ಬರೆಯುವುದೂ ಬೇಡ, ಪಾಪ, ಅವನಿಗೂ ಹೆಂಡತಿ ಮಕ್ಕಳು ಉಂಟು."

ಅಭಯಚಂದ್ರ ಕಾಗದವನ್ನು ವಾಪಸು ತೆಗೆದುಕೊಂಡು ಮಗುಚಿಟ್ಟ. ಸಮದ್ ಇನ್ನೂ ಹೇಳುತ್ತಿದ್ದರು. ಈ ಸಲದ ಓಟದ ದಿನ ಸಭೆ ಉಂಟು, ಹನ್ನೆರಡು ವರ್ಷ ಒಂದು ತಪ್ಪಿಲ್ಲದ ಹಾಗೆ ಸೀಲು ಒತ್ತಿದ್ದಕ್ಕೆ ಮಾಸ್ಟ್ರಿಗೆ ಶಾಲು ಹೊದಿಸುವುದೆಂದು ಕಮಿಟಿಯಲ್ಲಿ ಪಾಸಾಗಿದೆ, ಹೊದಿಸುವವನು ಒಕ್ಕೂಟದ ಈಗಿನ ಅಧ್ಯಕ್ಷ ಕುಶಾಲಪ್ಪನೇ. "ಅವನೂ ಖುಷಿಯಲ್ಲಿದ್ದಾನೆ. ಗೆದ್ದದ್ದು ಅದೊಂದೇ ಸಲ ಅಲ್ವಾ, ಆ ಕಪ್ಪಿನ ಫೋಟೋ ಅಂಗಡಿಯಲ್ಲಿ ಗಾಜು ಹಾಕಿ ಇಟ್ಟಿದ್ದಾನೆ. ಈಗ ಹೊಟ್ಟೆ ನೋಡಿದ್ರೆ ಓಡಿದವ ಅಂತ ಯಾರೂ ಹೇಳ್ಲಿಕ್ಕಿಲ್ಲ." ಸಮದ್ ನಕ್ಕರು. ಅಭಯಚಂದ್ರನೂ ನಕ್ಕ. ನಗುವಾಗ ತನ್ನ ಮುಖ ಹೇಗೆ ಕಾಣುತ್ತಿರಬಹುದು ಎಂದು ಯೋಚಿಸಿ ಥಟ್ಟನೆ ನಗು ನಿಲ್ಲಿಸಿದ. ನಾಳೆ ಮೊದಲ ಬಸ್ಸಿನಲ್ಲಿ ಕಳಿಸಿಕೊಡುತ್ತೇನೆ ಎಂದ. ಸಮದ್ ಹೋದ ಮೇಲೆ ಚಾವಡಿಯಲ್ಲಿ ಅವರ ಅತ್ತರಿನ ವಾಸನೆ ಸ್ವಲ್ಪ ಹೊತ್ತು ಇತ್ತು.

ಆ ವರ್ಷ ಓಟ ಹೊರಡಬೇಕಾದದ್ದು ಮೂರೂವರೆಗೆ. ಉದ್ಘಾಟನೆ ಮಾಡಬೇಕಾದ ದೊಡ್ಡ ಮನುಷ್ಯರ ಕಾರು ಮಾಣಿ ಎಂಬ ಊರಿನ ಹತ್ತಿರ ಕೆಟ್ಟು, ಅವರು ಬಂದು, ಹಾರ ಹಾಕಿಸಿಕೊಂಡು, ಭಾಷಣ ಮಾಡಿ ಮುಗಿಸುವಾಗ ಐದಕ್ಕೆ ಹತ್ತು ನಿಮಿಷ. ಏಳು ಮೈಲಿ ಈಚೆ ಈ ಕಲ್ಲಿನ ಹತ್ತಿರ ಅಂಗಿಯ ಜೇಬಿನಲ್ಲಿ ಸೀಲು, ಎಡಗೈಯಲ್ಲಿ ಶಾಯಿಯ ಡಬ್ಬಿ ಹಿಡಿದು ನಿಂತಿದ್ದ ಅಭಯಚಂದ್ರನಿಗೆ ಇದೊಂದೂ ಗೊತ್ತಿಲ್ಲ. ಅವನು ನೋಡುತ್ತಿದ್ದದ್ದು ಸೂರ್ಯನನ್ನು. ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಅವನ ಅಮ್ಮ ತೀರಿಕೊಳ್ಳುವ ವರ್ಷ ಅವನಿಂದ ಇನ್ನೊಂದು ಮಾತನ್ನೂ ತೆಗೆದುಕೊಂಡಿದ್ದಳು: ಎಲೆಯ ಮುಂದೆ ಕೂತ ಮೇಲೆ ನಡುವೆ ಎದ್ದರೆ ಆ ದಿನದ ಊಟ ಅಲ್ಲಿಗೆ ಮುಗಿಯಿತು. ಆ ನೇಮವನ್ನು ಅವನು ಒಂದು ದಿನವೂ ತಪ್ಪಿಸಿದವನಲ್ಲ. ಮಾಸ್ಟ್ರು ಊಟಕ್ಕೆ ಕೂತದ್ದು ನೋಡಿ ಗಡಿಯಾರ ಸರಿಮಾಡಿಕೊಳ್ಳಬಹುದು ಎಂದು ಊರವರು ಹೇಳುವುದನ್ನು ಕೇಳಿ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಐದೂ ಮುಕ್ಕಾಲರ ಸುಮಾರಿಗೆ ಕುಶಾಲಪ್ಪ ಮೊದಲಿಗನಾಗಿ ಬಂದ, ಕೈ ಚಾಚಿದ, ಸೀಲು ಒತ್ತಿಸಿಕೊಂಡು ಹೋದ. ಹಿಂದೆಯೇ ಇಬ್ಬರು, ಆಮೇಲೆ ಒಂದು ಗುಂಪು. ಬೆವರಿದ ಕೈಗಳು, ಉಸಿರಿನ ಬಿಸಿ, ನೇರಳೆ ಬಣ್ಣದ ಹದಿನೇಳು ಗುರುತುಗಳು. ಹೆಸರು ಕೊಟ್ಟವರು ಹದಿನೆಂಟು. ಕೊನೆಗೆ ಬಂದವನನ್ನು ಕೇಳಿದ, ಹಿಂದೆ ಯಾರಾದರೂ ಉಂಟಾ ಎಂದು. ಅವನು ಏದುಸಿರಿನಲ್ಲಿ ಕೈ ಬೀಸಿದ. ಇಲ್ಲ ಎಂದೋ, ಗೊತ್ತಿಲ್ಲ ಎಂದೋ. ಪ್ರತಿ ವರ್ಷವೂ ಒಬ್ಬಿಬ್ಬರು ನಡುದಾರಿಯಲ್ಲಿ ಕೂತು ಬಿಡುವುದು ಇದ್ದದ್ದೇ. ಆಗ ಮನೆಯೊಳಗಿಂದ ರಾಜಮತಿ, "ಹೊತ್ತು ಮುಳುಗ್ತದೆ, ಬನ್ನಿ," ಎಂದು ಕರೆದಳು. ಸೀಲನ್ನು ಯಾರ ಕೈಯಲ್ಲಾದರೂ ಕೊಟ್ಟು ಬರಬಹುದಿತ್ತು. ಆಚೆ ಈಚೆ ನಾಲ್ಕು ಜನ ನಿಂತವರಿದ್ದರು, ಅವರೂ ಓಟ ಮುಗಿಯಿತೆಂದು ಹೊರಟಿದ್ದರು. ಹಸಿವಾಗಿತ್ತು. ಸೀಲು ಜೇಬಿನಲ್ಲೇ ಉಳಿಯಿತು.

ಇಲ್ಲಿಯವರೆಗಿನದ್ದು ತಪ್ಪು ಮಾತ್ರ. ಮನುಷ್ಯ ಮಾಡುವಂಥದ್ದು. ಅಭಯಚಂದ್ರ ಒಂಬತ್ತು ವರ್ಷ ತನಗೆ ತಾನೇ ಹೇಳಿಕೊಂಡದ್ದು ಇಲ್ಲಿಗೆ ನಿಲ್ಲುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ಆದರೆ ಮುಂದಿನದ್ದೂ ನಡೆದಿತ್ತು. ಸಾರು ಮುಗಿದು ಮಜ್ಜಿಗೆಗೆ ಅನ್ನ ಕಲಸಿ ಕೂತಾಗ ಬರಿಗಾಲಿನ ಸದ್ದು ಕೇಳಿತು. ಚಾವಡಿಯ ತೆರೆದ ಬಾಗಿಲಿನಿಂದ ಕಲ್ಲು ನೇರ ಕಾಣುತ್ತಿತ್ತು. ಕಲ್ಲಿನ ಪಕ್ಕದಲ್ಲಿ ಒಬ್ಬ ನಿಂತಿದ್ದ. ಬೆನ್ನ ಹಿಂದೆ ಕೆಂಪು ಬಿಸಿಲು, ಎಡಗೈಯನ್ನು ಸ್ವಲ್ಪ ಮುಂದೆ ಚಾಚಿಕೊಂಡೇ ನಿಂತಿದ್ದ. ನೆರಿಯಕ್ಕೆ ಟಪಾಲು ಚೀಲ ಹೊರುವ ಮಾಯಿಲಪ್ಪ, ಬೆಳ್ತಂಗಡಿಯ ಕ್ಲಬ್ಬಿನವನು. "ಯಾರೋ ಬಂದ ಹಾಗಾಯ್ತು," ಎಂದಳು ರಾಜಮತಿ. ಅಭಯಚಂದ್ರ ತಲೆ ತಗ್ಗಿಸಿದ. "ಯಾರೂ ಇಲ್ಲ. ಮಜ್ಜಿಗೆ ಬಡಿಸು," ಎಂದ. ಹೇಳಿದ್ದು ಅಷ್ಟೇ. ಇನ್ನು ನಾಲ್ಕು ತುತ್ತು ಮುಗಿಸಿ ಏಳುವ, ಎಲ್ಲರಿಗಿಂತ ಹಿಂದೆ ಉಳಿದವನು ತಾನೇ, ಒಂದು ಸೀಲಿನಿಂದ ಅವನಿಗೆ ಆಗಬೇಕಾದದ್ದೇನು ಎಂದು ಮನಸ್ಸಿನಲ್ಲಿ ಹೇಳಿಕೊಂಡ. ತಲೆ ಎತ್ತಿದಾಗ ಕಲ್ಲಿನ ಹತ್ತಿರ ಯಾರೂ ಇರಲಿಲ್ಲ. ಹೆಜ್ಜೆಯ ಸದ್ದು ಮೂಡುಬಿದಿರೆಯ ಕಡೆಗೆ ಹೋಗುತ್ತಿತ್ತು, ಬಂದದ್ದಕ್ಕಿಂತ ಎರಡರಷ್ಟು ವೇಗವಾಗಿ.

ಚೀಲ ಹೊತ್ತು ದಿನಕ್ಕೆ ಇಪ್ಪತ್ತು ಮೈಲಿ ನಡೆಯುವವನು, ಓಡುವವನು, ದಾರಿಯನ್ನು ಹೇಗೆ ತಿನ್ನಬೇಕೆಂದು ಬಲ್ಲವನು. ಹೋಗುವಾಗ ನಿಧಾನ, ಬರುವಾಗ ಜೋರು. ಮೂಡುಬಿದಿರೆಯಲ್ಲಿ ಗ್ಯಾಸ್‌ಲೈಟು ಹಚ್ಚಿ ಕಾಯುತ್ತಿದ್ದ ಜನಕ್ಕೆ ಇದು ಗೊತ್ತಿರಲಿಲ್ಲ. ಅವರು ಕಂಡದ್ದು ಇಷ್ಟು: ಹೋಗುವಾಗ ಎಲ್ಲರಿಗಿಂತ ಹಿಂದಿದ್ದವನು ಬರುವಾಗ ಎಲ್ಲರಿಗಿಂತ ಮುಂದೆ, ಕುಶಾಲಪ್ಪನನ್ನೂ ಐವತ್ತು ಮಾರು ಹಿಂದೆ ಹಾಕಿ ಬಂದ. ಯಾರೋ ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ಸೀಲು ಇರಲಿಲ್ಲ. ಬೆವರಿಗೆ ಅಳಿಸಿರಬೇಕು ಎಂದು ಬೆಳ್ತಂಗಡಿಯವರು, ಉಳಿದವರಿಗೆ ಬೆವರಿಲ್ಲವೋ ಎಂದು ಬಂಟ್ವಾಳದವರು. ಮರುದಿನ ಶಾಲೆಯ ಕೋಣೆಯೊಂದರಲ್ಲಿ ಕಮಿಟಿ ಕೂತಿತು. ಅಭಯಚಂದ್ರ ಬಸ್ಸಿನಲ್ಲಿ ಹೋಗುವಾಗ ಏನು ಹೇಳಬೇಕೆಂದು ಚೆನ್ನಾಗಿಯೇ ಸಿದ್ಧ ಮಾಡಿಕೊಂಡಿದ್ದ: ಊಟಕ್ಕೆ ಎದ್ದು ಹೋಗಿದ್ದೆ, ಅವನು ಬಂದದ್ದು ನಿಜ, ನಾನು ಕಂಡಿದ್ದೇನೆ. ಕೋಣೆಯ ಒಳಗೆ ಕುರ್ಚಿಗಳ ಮೇಲೆ ಕೂತವರೆಲ್ಲ ಅವನಿಗಿಂತ ದೊಡ್ಡವರು. ಅಧ್ಯಕ್ಷರಾಗಿದ್ದ ವಕೀಲರು ಮುಗುಳ್ನಕ್ಕು, ಮಾಸ್ಟ್ರೇ, ನೀವು ಕಲ್ಲು ಬಿಟ್ಟು ಕದಲುವವರಲ್ಲ ಎಂದು ನಮಗೆ ಗೊತ್ತುಂಟು, ಆದರೂ ಕೇಳಬೇಕಲ್ಲ ಎಂದರು. ಆ ಮುಗುಳ್ನಗುವೇ ಸಾಕಾಯಿತು. "ಕೊನೆಯವರೆಗೂ ಇದ್ದೆ. ಹದಿನೇಳು ಜನ ಬಂದರು," ಎಂದುಬಿಟ್ಟ. ಬಾಗಿಲ ಹೊರಗೆ, ಮೆಟ್ಟಿಲಿನ ಕೆಳಗೆ ನಿಲ್ಲಿಸಿದ್ದ ಮಾಯಿಲಪ್ಪನನ್ನು ನಿನಗೇನಾದರೂ ಹೇಳುವುದುಂಟಾ ಎಂದು ಕೇಳಿದರು. ಅವನು ಕೇಳಿದವರನ್ನು ನೋಡಲಿಲ್ಲ, ಅಭಯಚಂದ್ರನನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, "ಮಾಸ್ಟ್ರು ಹೇಳಿದ ಮೇಲೆ ಆಯ್ತಲ್ಲ," ಎಂದ.

ಮೂರು ವರ್ಷ ಅವನನ್ನು ಓಟದಿಂದ ಹೊರಗಿಟ್ಟರು. ಮೂರು ವರ್ಷ ಕಳೆದ ಮೇಲೂ ಅವನು ಬರಲಿಲ್ಲ. ಬೆಳ್ತಂಗಡಿಯ ಸಂತೆಯಿಂದ ಸುದ್ದಿ ಬರುತ್ತಿತ್ತು. ಅವನಿಗೆ ಅರ್ಧದಾರಿ ಮಾಯಿಲ ಎಂದು ಹೆಸರು ಬಿದ್ದಿದೆಯಂತೆ. ನೆರಿಯದ ದಾರಿಯಲ್ಲಿ ಕಾಗದ ಕೊಟ್ಟರೆ, ಇದು ಪೂರಾ ಉಂಟಾ ಅಥವಾ ಅರ್ಧವಾ ಎಂದು ಕೇಳಿ ನಗುತ್ತಾರಂತೆ. ಮನಿಯಾರ್ಡರು ತಡವಾದ ಮನೆಯೊಂದರಲ್ಲಿ ಅವನ ಚೀಲವನ್ನು ಅಂಗಳದಲ್ಲಿ ಸುರುವಿಸಿ ನೋಡಿದರಂತೆ. ಕೊನೆಗೆ ಅವನೇ ಚೀಲ ಒಪ್ಪಿಸಿ ಬಂದನಂತೆ. ಒಂದೊಂದು ಅಂತೆಯೂ ಅಭಯಚಂದ್ರನ ಕಿವಿಗೆ ಬೀಳುವಾಗ ಅವನು ಮಕ್ಕಳ ಸ್ಲೇಟು ತಿದ್ದುತ್ತಲೋ ಬಸ್ಸಿಗೆ ಕಾಯುತ್ತಲೋ ಇರುತ್ತಿದ್ದ, ಹೌದಾ ಎನ್ನುತ್ತಿದ್ದ. ಪ್ರತಿ ಡಿಸೆಂಬರಿನಲ್ಲಿ ಮತ್ತೆ ಸೀಲು ಹಿಡಿದು ನಿಲ್ಲುತ್ತಿದ್ದ. ಆ ದಿನ ಮಾತ್ರ ಊಟವಿಲ್ಲ ಎಂದು ನೇಮ ಮಾಡಿಕೊಂಡಿದ್ದ, ಅದನ್ನು ಭಕ್ತಿಯೆಂದು ಊರವರು ತಿಳಿದುಕೊಂಡು ಅವನ ಹೆಸರು ಇನ್ನಷ್ಟು ದೊಡ್ಡದಾಗಿತ್ತು. ನಾಚಿಕೆಗೆ ಬಂದ ಈ ಮರ್ಯಾದೆಯನ್ನು ಏನು ಮಾಡುವುದೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಉಳಿದ ದಿನಗಳಲ್ಲಿ, ಸಂಜೆ ಎಲೆಯ ಮುಂದೆ ಕೂತಾಗ, ಮಜ್ಜಿಗೆಯ ಹೊತ್ತಿಗೆ ಸರಿಯಾಗಿ ಬರಿಗಾಲಿನ ಸದ್ದು. ರಸ್ತೆಯಲ್ಲಿ ಬಂದು ಕಲ್ಲನ್ನು ಸುತ್ತಿ ತಿರುಗಿ ಹೋಗುವ ಸದ್ದು. ಎದ್ದು ನೋಡುವ ಹಾಗಿಲ್ಲ, ಎದ್ದರೆ ಊಟ ಮುಗಿಯಿತು. ರಾಜಮತಿ ಆ ವಿಷಯವಾಗಿ ಒಂದು ಮಾತು ಆಡಿದವಳಲ್ಲ. ಆದರೆ ಕಮಿಟಿ ಮುಗಿಸಿ ಅವನು ಮನೆಗೆ ಬಂದ ಆ ಸಂಜೆಯಿಂದ, ಅವನಿಗೆ ಎಲೆ ಹಾಕುವ ಮೊದಲು ಚಾವಡಿಯ ಬಾಗಿಲನ್ನು ಮುಚ್ಚಿ ಚಿಲಕ ಹಾಕುತ್ತಾಳೆ. ಊಟ ಮುಗಿದ ಮೇಲೆ ತೆಗೆಯುತ್ತಾಳೆ. ಒಂಬತ್ತು ವರ್ಷವಾಯಿತು, ಒಂದು ದಿನವೂ ಮರೆತಿಲ್ಲ.

ಸಮದ್ ಹೋದ ಮೇಲೆ ಅಭಯಚಂದ್ರ ಕೂತಲ್ಲಿಂದ ಏಳದೆ ಬರೆದ. ಸರಸರನೆ ಬರೆದ. ಬರೆದು ಮುಗಿಸಿದಾಗ ಎದೆಯ ಮೇಲಿನ ಭಾರ ಇಳಿದ ಹಾಗಾಗಿ ಕಣ್ಣಿನಲ್ಲಿ ನೀರೂ ಬಂತು. ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿದ. ಇದು ಅಚ್ಚಾಗುವ ಮೊದಲು ಮಾಯಿಲಪ್ಪನಿಗೆ ಓದಿ ಹೇಳಬೇಕು ಎಂದು ಆ ಕ್ಷಣಕ್ಕೆ ಅನ್ನಿಸಿತು. ಕ್ಷಮೆ ಸಿಗುತ್ತದೆ ಎಂಬ ಆಸೆಯೇ ಹೆಚ್ಚಾಗಿತ್ತು, ಅದು ಅಭಯಚಂದ್ರನಿಗೂ ಗೊತ್ತಿತ್ತು.

"ಎಲ್ಲಿಗೆ?" ಎಂದಳು ರಾಜಮತಿ.

"ನೆರಿಯಕ್ಕೆ ಹೋಗಿ ಬರ್ತೇನೆ."

ಅವಳು ಯಾಕೆ ಎಂದು ಕೇಳಲಿಲ್ಲ. "ಹೊತ್ತಿನೊಳಗೆ ಬರ್ಲಿಕ್ಕೆ ಆಗ್ಲಿಕ್ಕಿಲ್ಲ. ಬುತ್ತಿ ಕಟ್ಟಿಕೊಡ್ಲಾ?"

"ಬೇಡ."

ಅವಳು ಬಾಗಿಲಿನವರೆಗೆ ಬಂದಳು. ಬಸ್ಸು ಬರುವವರೆಗೆ ಅಲ್ಲೇ ನಿಂತಿದ್ದಳು, ಆ ಕಲ್ಲನ್ನೇ ನೋಡುತ್ತಾ.

ಬಸ್ಸಿನಲ್ಲಿ ಕಿಟಕಿಯ ಬದಿಗೆ ಸೀಟು ಸಿಕ್ಕಿತು. ವೇಣೂರು ದಾಟಿ ಗುರುವಾಯನಕೆರೆಯವರೆಗೂ ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡೇ ಇದ್ದ. ರಸ್ತೆಯ ಬದಿಯಲ್ಲಿ ಕಿಲೋಮೀಟರಿನ ಹೊಸ ಕಲ್ಲುಗಳು ಹಿಂದೆ ಹಿಂದೆ ಹೋಗುತ್ತಿದ್ದವು, ಪ್ರತಿಯೊಂದರ ಪಕ್ಕದಲ್ಲೂ ಒಬ್ಬ ಕೈ ಚಾಚಿ ನಿಂತಿದ್ದಾನೆ ಎಂದು ಒಂದೆರಡು ಸಲ ಅನ್ನಿಸಿ, ಕಣ್ಣು ಮುಚ್ಚಿಕೊಂಡ. ಮುಚ್ಚಿದರೆ ಆ ಶಾಲೆಯ ಕೋಣೆ. ವಕೀಲರ ಮುಗುಳ್ನಗು. ಆಮೇಲೆ ಅವರು ತರಿಸಿಕೊಟ್ಟ ಕಾಫಿ, ಅದನ್ನು ಅವನು ಕುಡಿದದ್ದು, ಕುಡಿದು ಚೆನ್ನಾಗಿದೆ ಎಂದದ್ದು. ಇಷ್ಟು ವರ್ಷ ನೆನಪಾಗದೆ ಇದ್ದ ಆ ಕಾಫಿ ಈಗ ನೆನಪಾಗಿ ಕಿವಿ ಬಿಸಿಯಾಯಿತು. ಬೆಳ್ತಂಗಡಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಕಕ್ಕಿಂಜೆಗೆ ಬಂದ. ಅಲ್ಲಿಂದ ನಡಿಗೆ. ಚಾ ಅಂಗಡಿಯವನ ಹತ್ತಿರ ದಾರಿ ಕೇಳಿದ. "ಯಾವ ಮಾಯಿಲಪ್ಪ? ಅರ್ಧದಾರಿಯವನಾ?" ಎಂದ ಅಂಗಡಿಯವನು, ಕುಚೋದ್ಯವೇನೂ ಇಲ್ಲದೆ, ಮನೆಹೆಸರು ಹೇಳುವಂತೆ. ಅಭಯಚಂದ್ರ ಹೌದು ಎಂದ. ಹೌದು ಎಂದ ಮೇಲೆ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಅರ್ಧ ಮೈಲಿ ನಡೆದ ಮೇಲೆ ತಾನು ಓಡುತ್ತಿದ್ದೇನೆ ಎಂದು ತಿಳಿಯಿತು, ನಿಂತು ಉಸಿರು ತೆಗೆದುಕೊಂಡ. ನಲವತ್ತೆಂಟು ವರ್ಷದ ಶಾಲೆ ಮಾಸ್ಟ್ರು ಪಂಚೆ ಹಿಡಿದು ಓಡುವುದನ್ನು ನೋಡಲು ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಮನೆ ಕಾಡಿನಂಚಿನಲ್ಲಿತ್ತು, ಸಗಣಿ ಸಾರಿಸಿದ ಸಣ್ಣ ಅಂಗಳ. ಮಾಯಿಲಪ್ಪ ಅಂಗಳದಲ್ಲಿ ಕೂತು ರಬ್ಬರು ಹಾಲಿನ ಚಿಪ್ಪುಗಳನ್ನು ಉಜ್ಜುತ್ತಿದ್ದ. ತೋಟದಲ್ಲಿ ಈಗ ಅವನಿಗೆ ಹಾಲು ತೆಗೆಯುವ ಕೆಲಸ. ತಲೆ ಅರ್ಧ ನರೆತಿತ್ತು, ಕಾಲು ಮಾತ್ರ ಹಾಗೆಯೇ ಇತ್ತು. ಯಾರೋ ಬಂದರೆಂದು ತಲೆಯೆತ್ತಿದವನು ಗುರುತು ಹಿಡಿದು ಥಟ್ಟನೆ ಎದ್ದು, ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮಾಸ್ಟ್ರು! ಇಷ್ಟು ದೂರ? ಸರಸಾ, ಚಾಪೆ ತಾ."

ಅವನ ಹೆಂಡತಿ ಹೊಸ ಚಾಪೆ ತಂದು ಹಾಸಿ ದೂರ ನಿಂತಳು. ಅಭಯಚಂದ್ರ ಕೂತ. ಮಾಯಿಲಪ್ಪ ಕೂರಲಿಲ್ಲ. ಶಾಲೆ ಹೇಗುಂಟು, ಅಮ್ಮನವರು ಚೆನ್ನಾಗಿದ್ದಾರಾ ಎಂದು ಕೇಳಿದ. ಆ ವಿಚಾರಣೆಯಲ್ಲಿ ಎಲ್ಲಾದರೂ ಮುಳ್ಳಿದೆಯೇ ಎಂದು ಅಭಯಚಂದ್ರ ಹುಡುಕಿದ, ಸಿಗಲಿಲ್ಲ. ಜೇಬಿನಿಂದ ಕಾಗದ ತೆಗೆದ. ಮಡಿಕೆ ಬಿಡಿಸಿದ.

"ಓಟದ ಚರಿತ್ರೆ ಬರೆಯುತ್ತಾ ಇದ್ದೇನೆ ಮಾಯಿಲಪ್ಪಾ. ಪುಸ್ತಕ ಆಗ್ತದೆ. ಐವತ್ತೇಳರದ್ದು ನಿನಗೆ ಓದಿ ಹೇಳ್ಬೇಕು ಅಂತ ಬಂದೆ."

"ಓದಿ," ಎಂದ ಮಾಯಿಲಪ್ಪ.

ಅಭಯಚಂದ್ರ ಓದಿದ. ಮೊದಲನೆಯವನಾಗಿ ಗುರಿ ಮುಟ್ಟಿದವನು ಬೆಳ್ತಂಗಡಿಯ ಮಾಯಿಲಪ್ಪ. ಅವನ ಕೈಯಲ್ಲಿ ಸೀಲು ಇರಲಿಲ್ಲವೆಂದು ಅವನನ್ನು ಹೊರಗಿಟ್ಟದ್ದು ಅನ್ಯಾಯ. ಸೀಲು ಒತ್ತಬೇಕಾದ ಈ ಬರಹಗಾರನು ಸೂರ್ಯಾಸ್ತದ ಮೊದಲು ಊಟ ಮಾಡುವ ನಿಮಿತ್ತ ಕಲ್ಲನ್ನು ಬಿಟ್ಟು ಮನೆಗೆ ಹೋಗಿದ್ದನು. ಆ ವೇಳೆಯಲ್ಲಿ ಸದರಿ ಓಟಗಾರನು ಬಂದು ಕಲ್ಲನ್ನು ಸುತ್ತಿ ಹೋಗಿರಬೇಕು. ಕಮಿಟಿಯ ಮುಂದೆ ಈ ಬರಹಗಾರನು ಸತ್ಯವನ್ನು ಮರೆಮಾಚಿದನು. ಕಪ್ಪು ಮಾಯಿಲಪ್ಪನಿಗೆ ಸಲ್ಲತಕ್ಕದ್ದು.

ಓದಿ ಮುಗಿಸಿ ತಲೆ ಎತ್ತಲು ಅವನಿಗೆ ಧೈರ್ಯವಾಗಲಿಲ್ಲ. ಮನೆಯ ಹಿಂದೆ ಕೋಳಿ ಕೆದಕುವ ಸದ್ದು ಕೇಳುತ್ತಿತ್ತು. ಸರಸ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಿಮ್ಮನ್ನು ನಾನು ಅವತ್ತು ಕಂಡಿದ್ದೆ ಮಾಸ್ಟ್ರೇ," ಎಂದ ಮಾಯಿಲಪ್ಪ. ಮೆಲ್ಲಗೆ, ಮನೆಯವರ ಸಂಗತಿ ಹೇಳುವ ಹಾಗೆ ಹೇಳಿದ. "ಬಾಗಿಲು ತೆರೆದಿತ್ತಲ್ಲ. ಎಲೆ ಕಾಣ್ತಿತ್ತು, ನಿಮ್ಮ ಕೈ ಕಾಣ್ತಿತ್ತು. ಅಮ್ಮನವರು ಮಜ್ಜಿಗೆ ಬಡಿಸ್ತಾ ಇದ್ರು. ಮಜ್ಜಿಗೆಗೆ ಬಂದಾಯ್ತು, ಇನ್ನೇನು ಏಳ್ತಾರೆ ಅಂತ ನಿಂತೆ. ಕರೆದ್ರೆ ನಿಮ್ಮ ಊಟ ಹಾಳಾಗ್ತದೆ. ನಮ್ಮಂಥವರು ಅಂಗಳಕ್ಕೆ ಇಳಿದು ಬರುವ ಹಾಗೂ ಇಲ್ಲ. ನೂರು ಎಣಿಸುವ, ಅಷ್ಟರಲ್ಲಿ ಏಳ್ತಾರೆ ಅಂತ ಎಣಿಸಿದೆ. ಎಣಿಸಿ ಆಯ್ತು. ಆಮೇಲೆ ಓಡಿದೆ."

ಅಭಯಚಂದ್ರ ಕಾಗದ ಕೆಳಗಿಟ್ಟ. "ಮತ್ತೆ ಕಮಿಟಿಯಲ್ಲಿ ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರಿ ಅಂತ ನೋಡ್ತಾ ಇದ್ದೆ." ಮಾಯಿಲಪ್ಪ ಮುಂಡಾಸನ್ನು ಕೈಯಲ್ಲಿ ತಿರುಗಿಸಿದ. "ಆಮೇಲೆ ಆಲೋಚನೆ ಮಾಡಿದೆ. ಪಾಪ, ಮಾಸ್ಟ್ರು ನನ್ನನ್ನು ಕಂಡಿರ್ಲಿಕ್ಕಿಲ್ಲ. ಬಿಸಿಲು ನನ್ನ ಬೆನ್ನಿಗೆ ಇತ್ತು, ಅವರು ಒಳಗೆ ಕತ್ತಲಲ್ಲಿ ಕೂತಿದ್ರು, ತಲೆ ತಗ್ಗಿಸಿ ಉಣ್ತಾ ಇದ್ರು. ಕಂಡಿದ್ರೆ ಹೇಳದೆ ಇರ್ತಾರಾ ಅಂತ. ಇವಳ ಹತ್ತಿರವೂ ಹಾಗೇ ಹೇಳಿದ್ದೇನೆ. ಚೀಲ ಒಪ್ಪಿಸಿ ಬಂದ ದಿನವೂ ಹಾಗೇ ಹೇಳಿದ್ದು. ಒಬ್ಬರ ಮೇಲೆ ಸಿಟ್ಟು ಇಟ್ಟುಕೊಂಡು ದಾರಿ ನಡೀಲಿಕ್ಕೆ ಆಗುದಿಲ್ಲ ಮಾಸ್ಟ್ರೇ, ಕಾಲು ಭಾರ ಆಗ್ತದೆ." ಕಾಗದದ ಕಡೆ ಕೈ ತೋರಿಸಿದ. "ನೀವು ಈಗ ಓದಿದ್ರಲ್ಲ, ಬಂದು ಹೋಗಿರಬೇಕು ಅಂತ."

"ಹೌದು."

"ನೀವು ನನ್ನನ್ನು ಕಂಡಿದ್ರಾ ಮಾಸ್ಟ್ರೇ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಇಲ್ಲ ಎಂಬ ಮಾತನ್ನು ಆ ಮನುಷ್ಯನೇ ಒಂಬತ್ತು ವರ್ಷ ಕಾಪಾಡಿ, ಒರೆಸಿ, ಅವನ ಮುಂದೆ ತಂದು ಇಟ್ಟಿದ್ದ. ಎತ್ತಿಕೊಂಡರೆ ಸಾಕು. ಕಾಗದದಲ್ಲಿ ಬರೆದದ್ದೂ ಹಾಗೆಯೇ ಉಳಿಯುತ್ತಿತ್ತು, ಓದಿದವರು ಮಾಸ್ಟ್ರ ಸತ್ಯಸಂಧತೆಗೆ ತಲೆದೂಗುತ್ತಿದ್ದರು, ಶಾಲಿನ ಮೇಲೆ ಇನ್ನೊಂದು ಶಾಲು ಹೊದಿಸಿದರೂ ಹೊದಿಸಿದರೇ. ಅಭಯಚಂದ್ರ ತಲೆ ಎತ್ತಿದ. ಮಾಯಿಲಪ್ಪ ಬಿಸಿಲಿಗೆ ಬೆನ್ನು ಹಾಕಿ ನಿಂತಿದ್ದ. ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಕಂಡಿದ್ದೆ," ಎಂದ. "ನೀನು ಕೈ ಚಾಚಿಕೊಂಡು ನಿಂತಿದ್ದೆ. ಯಾರೋ ಬಂದಿದ್ದಾರೆ ಅಂತ ಹೆಂಡತಿ ಹೇಳಿದಳು. ಯಾರೂ ಇಲ್ಲ ಅಂದೆ."

ಬೈಯುತ್ತಾನೆ ಎಂದು ಅಭಯಚಂದ್ರ ಕಾದ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮಾಯಿಲಪ್ಪ ಹೆಂಡತಿಯ ಕಡೆ ತಿರುಗಿ ನೋಡಿದ, ಅವಳು ಮುಖ ತಿರುಗಿಸಿ ಒಳಗೆ ಹೋದಳು. ಆಮೇಲೆ ಅವನು ಬದುಕಿನಲ್ಲಿ ಮೊದಲ ಬಾರಿಗೆ, ಕೇಳದೆ, ಚಾಪೆಯ ಇನ್ನೊಂದು ತುದಿಯಲ್ಲಿ ಮಾಸ್ಟ್ರ ಎದುರಿಗೆ ಕೂತ. ನಿಂತು ನಿಂತು ದಣಿದವನ ಹಾಗೆ ಕೂತ.

"ಅದನ್ನೂ ಬರೀರಿ," ಎಂದ. "ನಾನು ನಿಂತದ್ದನ್ನೂ ಬರೀರಿ. ಓಡಿದ್ದು ಎಲ್ಲರಿಗೂ ಗೊತ್ತುಂಟು."

ಅಭಯಚಂದ್ರ ಪೆನ್ನು ತೆಗೆದ. ಬಂದು ಹೋಗಿರಬೇಕು ಎಂಬಲ್ಲಿ ಗೆರೆ ಎಳೆದು ಹೊಡೆದುಹಾಕಿದ. ಕಾಗದವನ್ನು ತೊಡೆಯ ಮೇಲೆ ಇಟ್ಟು ಬರೆಯತೊಡಗಿದ. ಎಷ್ಟೋ ಸಂಜೆ ಅವನಿಗೆ ಆ ಹೆಜ್ಜೆಗಳು ಕೇಳಿಸಿದ್ದವು, ಬರುತ್ತಿದ್ದವು, ಸುತ್ತಿ ಹೋಗುತ್ತಿದ್ದವು. ಬರುವುದಕ್ಕೂ ಹೋಗುವುದಕ್ಕೂ ನಡುವೆ ಒಬ್ಬ ಮನುಷ್ಯ ನೂರು ಎಣಿಸುವಷ್ಟು ಹೊತ್ತು ಮಾಸ್ಟ್ರ ಊಟ ಮುಗಿಯಲೆಂದು ನಿಂತದ್ದು ಒಂದು ದಿನವೂ ಕೇಳಿಸಿರಲಿಲ್ಲ. ಸರಸ ಒಳಗಿನಿಂದ ಎರಡು ಬಾಳೆಹಣ್ಣು ತಂದು, ಅಭಯಚಂದ್ರನ ಮುಂದೆ ಇಡದೆ, ಗಂಡನ ಕೈಗೆ ಕೊಟ್ಟು ಹೋದಳು. ಸೂರ್ಯ ಮರಗಳ ತುದಿಗೆ ಬಂದಿದ್ದ.

"ಹೊತ್ತು ಮುಳುಗ್ತದೆ," ಎಂದ ಮಾಯಿಲಪ್ಪ. "ಹಣ್ಣಿಗೆ ಅಡ್ಡಿ ಇಲ್ಲವಲ್ಲ. ಇದನ್ನಾದ್ರೂ ತಿನ್ನಿ ಮಾಸ್ಟ್ರೇ. ಆಮೇಲೆ ನಿಮಗೆ ಬೆಳಗಿನವರೆಗೆ ಎಂತದೂ ಇಲ್ಲ."

ಅಭಯಚಂದ್ರ ಬರೆಯುವುದನ್ನು ನಿಲ್ಲಿಸಲಿಲ್ಲ. ಅಂಗಳದಲ್ಲಿ ಬೆಳಕು ಕಡಿಮೆಯಾಗುತ್ತಾ ಬಂತು, ಅಕ್ಷರ ಕಾಣದೆ ಅವನು ಕಾಗದವನ್ನು ಮುಖದ ಹತ್ತಿರಕ್ಕೆ ತಂದುಕೊಂಡ. ಮಾಯಿಲಪ್ಪ ಹಣ್ಣು ಹಿಡಿದ ಕೈಯನ್ನು ಸ್ವಲ್ಪ ಮುಂದೆ ಚಾಚಿಕೊಂಡು, ಅವನು ತಲೆ ಎತ್ತುವುದನ್ನು ಕಾಯುತ್ತಾ ಕೂತಿದ್ದ.